ಸುಭಿಕ್ಷವೂ ಋಣವೂ

ಒಂದು ಗ್ರಾಮದ ಯೋಗಕ್ಷೇಮವನ್ನು ಅಳೆಯಬೇಕೆಂದು ಹೊರಟವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ಅಲ್ಲಿ ಜನರೆಷ್ಟು, ಅವರ ವರಮಾನವೆಷ್ಟು? ವರಮಾನವನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಬೀಳುವ ಸರಾಸರಿ ದೊರೆಯುತ್ತದೆ. ಆ ಅಂಕವು ಹಿಂದಿಗಿಂತ ಹೆಚ್ಚಾಗಿದ್ದರೆ ಊರು ಮುಂದುವರಿಯಿತೆಂದೂ ಕಡಿಮೆಯಾಗಿದ್ದರೆ ಹಿಂದೆ ಬಿದ್ದಿತೆಂದೂ ತೀರ್ಮಾನ ಹೇಳುವುದು ವಾಡಿಕೆ. ಈ ಲೆಕ್ಕವು ನಿಷ್ಪ್ರಯೋಜಕವೆಂದು ನಾವು ಹೇಳಲಾರೆವು. ಹಸಿದವನ ಮುಂದೆ ನಿಂತು ಲೆಕ್ಕಾಚಾರವನ್ನು ಹಳಿಯುವುದು ಹೊಟ್ಟೆ ತುಂಬಿದವರ ವಿನೋದ. ಆದರೆ ಈ ಭಾಗಾಕಾರವು ಹೇಳದೆ ಬಿಡುವ ಸಂಗತಿಯೊಂದುಂಟು. ಊರಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಸಲ್ಲಿಸತಕ್ಕ ಋಣವು ಯಾವ ಆಧಾರದ ಮೇಲೆ ನಿಂತಿದೆ? ಪರಸ್ಪರ ಪ್ರಯೋಜನದ ಮೇಲೆಯೋ, ಅಥವಾ ಪ್ರಯೋಜನವು ತೀರಿದ ಮೇಲೂ ಉಳಿಯತಕ್ಕ ಬೇರೊಂದು ತತ್ತ್ವದ ಮೇಲೆಯೋ? ಜನಸಂಖ್ಯೆಯೂ ವರಮಾನವೂ ಸ್ಥಿರವಾಗಿರುವವರೆಗೆ ಈ ಪ್ರಶ್ನೆ ಏಳುವುದೇ ಇಲ್ಲ. ಅವು ಬದಲಾದಾಗ ಏಳುತ್ತದೆ.

ಈ ವಿಚಾರವನ್ನು ನೆಲದ ಮೇಲೆ ಇಳಿಸಿ ನೋಡುವುದಕ್ಕೆ ಮಂಡ್ಯದ ಸೀಮೆಗಿಂತ ತಕ್ಕ ಸ್ಥಳವು ದುರ್ಲಭ. ಅಲ್ಲಿ ಬದಲಾವಣೆಯು ಯಾವಾಗ ಬಂದಿತು, ಯಾವ ದಾರಿಯಿಂದ ಬಂದಿತು ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆ ಕಟ್ಟುವ ಕೆಲಸವು 1911ರಲ್ಲಿ ಮೊದಲಾಯಿತು. ಅಣೆಕಟ್ಟೆಯಿಂದ ಹೊರಟು, ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಕರೆಯಿಸಿಕೊಂಡ ಕಾಲುವೆಯ ನೀರು 1930ರ ದಶಕದಲ್ಲಿ ಈ ಸೀಮೆಯ ಹೊಲಗಳಿಗೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಮಳೆಯನ್ನು ನಂಬಿ ರಾಗಿ ಜೋಳಗಳನ್ನು ಬೆಳೆಯುತ್ತಿದ್ದ ಖುಷ್ಕಿ ನೆಲವು ಹತ್ತಿಪ್ಪತ್ತು ವರ್ಷಗಳೊಳಗೆ ಕಬ್ಬು ಭತ್ತಗಳ ತರಿಯಾಯಿತು.

ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯು 1954ರಿಂದ 1956ರವರೆಗೆ ಮಂಡ್ಯದ ಬಳಿಯ ಎರಡು ಹಳ್ಳಿಗಳನ್ನು ಅಭ್ಯಾಸ ಮಾಡಿ 1962ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಗ್ರಾಮಗಳ ನಿಜನಾಮಗಳನ್ನು ಮರೆಮಾಡಿ ಒಂದಕ್ಕೆ ವಂಗಲವೆಂದೂ ಇನ್ನೊಂದಕ್ಕೆ ದಾಲೇನವೆಂದೂ ಹೆಸರಿಟ್ಟರು. ಎರಡೂ ಸಾವಿರ ಜನರೊಳಗಿನ ಊರುಗಳು. ಎರಡರಲ್ಲಿಯೂ ಒಕ್ಕಲಿಗರೇ ಹೆಚ್ಚು. ಭಾಷೆ, ದೇವರು, ಬೆಳೆ, ನಡವಳಿಕೆ ಎಲ್ಲವೂ ಸಮಾನ. ವ್ಯತ್ಯಾಸವು ಒಂದೇ. ವಂಗಲದ ನೆಲವು ಕಾಲುವೆಯ ಮಟ್ಟಕ್ಕಿಂತ ಕೆಳಗಿತ್ತು, ದಾಲೇನದ ನೆಲವು ಮೇಲಿತ್ತು. ಆದುದರಿಂದ ಒಂದು ನೀರಾವರಿಯ ಊರಾಯಿತು, ಇನ್ನೊಂದು ಖುಷ್ಕಿಯಾಗಿಯೇ ಉಳಿಯಿತು. ವಾಚಕರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಾಲೆಯ ನೀರು ಯಾರ ಪುಣ್ಯಪಾಪಗಳನ್ನೂ ವಿಚಾರಿಸಲಿಲ್ಲ, ಯಾರ ದುಡಿಮೆಯನ್ನೂ ತೂಗಿ ನೋಡಲಿಲ್ಲ. ನೆಲದ ಏರುತಗ್ಗುಗಳನ್ನು ಮಾತ್ರ ನೋಡಿ ಹರಿಯಿತು.

ಇದರ ಪರಿಣಾಮವು ನಾವು ಊಹಿಸುವಂತೆ ಆಗಲಿಲ್ಲ. ನೀರು ಬಂದ ವಂಗಲವು ಶ್ರೀಮಂತವಾಯಿತು, ಆದರೆ ಅಲ್ಲಿನ ಸಮಾಜದ ಕಟ್ಟು ಬಹಳ ಕಾಲ ಹಾಗೆಯೇ ಉಳಿಯಿತು. ಸಕ್ಕರೆ ಕಾರ್ಖಾನೆಯವರು ಕರಾರು ಮಾಡಿಕೊಂಡು ಕಬ್ಬನ್ನು ಕೊಳ್ಳುತ್ತಿದ್ದರು. ರೈತನು ಊರು ಬಿಟ್ಟು ಹೋಗಬೇಕಾದ ಅಗತ್ಯವಿರಲಿಲ್ಲ. ಹಿಂದಿನ ಒಡೆಯನೇ ಈಗಲೂ ಒಡೆಯ, ಹಿಂದಿನ ಆಳೇ ಈಗಲೂ ಆಳು. ನೀರು ಬಾರದ ದಾಲೇನವಾದರೋ ಹೊರಗೆ ನೋಡಬೇಕಾಯಿತು. ಸುತ್ತಲಿನ ಊರುಗಳಲ್ಲಿ ಹಬ್ಬಿದ ಸಮೃದ್ಧಿಯಲ್ಲಿ ಪಾಲು ದೊರಕಿಸಿಕೊಳ್ಳುವುದಕ್ಕಾಗಿ ಅಲ್ಲಿನವರು ಕಬ್ಬಿನ ಗಾಡಿ ಹೊಡೆದರು, ಮಂಡ್ಯದ ಕಾರ್ಖಾನೆಗೂ ಕಚೇರಿಗೂ ಕೆಲಸಕ್ಕೆ ಹೋದರು, ಪಕ್ಕದ ಊರಿನಲ್ಲಿ ತರಿ ಜಮೀನನ್ನು ಕೊಂಡರು, ಹಿಟ್ಟಿನ ಗಿರಣಿಯನ್ನು ಹಾಕಿದರು. ಪೇಟೆಯಲ್ಲಿ ನೌಕರಿಯಿದ್ದವನು ಊರಿನ ಯಜಮಾನನ ಮಾತಿಗೆ ಮೊದಲಿನಷ್ಟು ಬಗ್ಗಬೇಕಾಗಿರಲಿಲ್ಲ. ಹೀಗೆ ಹಣ ಕಡಿಮೆ ಬಂದ ಊರಿನಲ್ಲಿಯೇ ಹಳೆಯ ಸಂಬಂಧಗಳು ಬೇಗ ಸಡಿಲಿದವು.

ಆ ಹಳೆಯ ಸಂಬಂಧಗಳು ಎಂಥವು ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮ ವಿಚಾರದ ತಿರುಳು ಇರುವುದು ಅಲ್ಲಿಯೇ. ಒಕ್ಕಲಿನ ಮನೆಗೂ ಅದರ ಹೊಲದಲ್ಲಿ ದುಡಿಯುವ ಅಸ್ಪೃಶ್ಯರೆನಿಸಿಕೊಂಡವರ ಮನೆಗೂ ವಂಶಪಾರಂಪರ್ಯವಾದ ಕಟ್ಟುಪಾಡಿತ್ತು. ಅಂಥ ಮನೆಯವರನ್ನು ಹಳೇಮಕ್ಕಳೆಂದು ಕರೆಯುತ್ತಿದ್ದರು. ಸುಗ್ಗಿಯಾದ ಮೇಲೆ ಅವರಿಗೆ ಇಷ್ಟು ರಾಗಿ, ಇಷ್ಟು ಹುಲ್ಲು ಎಂದು ನಿಗದಿಯಾದ ಪಾಲು ಸಲ್ಲತಕ್ಕದ್ದು. ಕಮ್ಮಾರ, ಬಡಗಿ, ಅಗಸ, ಕ್ಷೌರಿಕ ಮೊದಲಾದವರಿಗೂ ಹೀಗೆಯೇ ವರ್ಷಕ್ಕೊಮ್ಮೆ ಧಾನ್ಯದ ರೂಪದಲ್ಲಿ ಪ್ರತಿಫಲ. ಈ ಪಾಲಿನ ವಿಶೇಷವೇನೆಂದರೆ, ಬೆಳೆ ಹೆಚ್ಚಲಿ ಕಡಿಮೆಯಾಗಲಿ, ಅದು ಬದಲಾಗುತ್ತಿರಲಿಲ್ಲ. ಎಪ್‌ಸ್ಟೈನ್ ಅವರು 1967ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದರ ಅರ್ಥವನ್ನು ಬಿಡಿಸಿ ತೋರಿಸಿದರು. ಕೆಟ್ಟ ವರ್ಷದಲ್ಲಿ ಪಾಲನ್ನು ಕೊಟ್ಟ ಮೇಲೆ ಒಡೆಯನಿಗೆ ಉಳಿಯುವುದು ಆಳಿಗೆ ಸಂದುದಕ್ಕಿಂತ ಬಹಳ ಹೆಚ್ಚಿನದಾಗಿರಲಿಲ್ಲ. ಎಲ್ಲರೂ ಒಂದೇ ಬಗೆಯ ಅರೆಹೊಟ್ಟೆಯಲ್ಲಿ ಬದುಕುತ್ತಿದ್ದರು. ಒಳ್ಳೆಯ ವರ್ಷದಲ್ಲಿ ಪಾಲು ಅಷ್ಟೇ, ಮಿಕ್ಕದ್ದೆಲ್ಲ ಒಡೆಯನ ಕಣಜಕ್ಕೆ.

ಇದರಲ್ಲಿ ನ್ಯಾಯವೂ ಉಂಟು, ಅನ್ಯಾಯವೂ ಉಂಟು. ಬರದಲ್ಲಿ ಯಾರನ್ನೂ ಕೈಬಿಡದ ಕಟ್ಟಳೆಯೇ ಸುಭಿಕ್ಷದಲ್ಲಿ ಆಳನ್ನು ಇದ್ದಲ್ಲಿಯೇ ಇರಿಸಿತು. ಅದು ಹೊಟ್ಟೆಗೆ ಹಿಟ್ಟನ್ನು ಕೊಟ್ಟು ಬಾವಿಯ ನೀರನ್ನು ನಿರಾಕರಿಸಿತು. ಮೇಲಾಗಿ ಅದರ ಶಕ್ತಿಯೂ ಸಾಧಾರಣ ಬರಕ್ಕೆ ಮಾತ್ರ ಸಾಕಾಗುವಂಥದು. ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ, ಎಂದರೆ 1876ರಿಂದ 1878ರವರೆಗೆ, ಒಡೆಯನ ಕಣಜವೇ ಬರಿದಾದಾಗ ಪಾಲೂ ಬರಿದಾಯಿತು. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರು ಸಂಸ್ಥಾನದ ಪ್ರಜಾಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಿಂದಿನ ಹಳ್ಳಿಯನ್ನು ಸತ್ಯಯುಗವೆಂದು ವರ್ಣಿಸುವವರು ಈ ಎರಡು ಅಂಕಗಳನ್ನು ಮರೆಯಬಾರದು.

ಹೀಗಿದ್ದರೂ ಸಾಧಾರಣವಾದ ಕೆಟ್ಟ ವರ್ಷದಲ್ಲಿ ಒಡೆಯನು ತನ್ನ ಮಕ್ಕಳ ಬಾಯಿಂದ ತೆಗೆದಂತೆ ಪಾಲನ್ನು ಕೊಡುತ್ತಿದ್ದುದು ಸುಳ್ಳಲ್ಲ. ಏಕೆ ಕೊಡುತ್ತಿದ್ದನು? ಧರ್ಮವೆಂದು ಕೊಡುತ್ತಿದ್ದನೆಂಬುದು ನಿಜ; ಅವನನ್ನೇ ಕೇಳಿದ್ದರೆ ಹಾಗೆಯೇ ಹೇಳುತ್ತಿದ್ದನು. ಆದರೆ ಆ ಧರ್ಮದ ಕೆಳಗೆ ಎರಡು ಆಧಾರಗಳಿದ್ದವು. ಮೊದಲನೆಯದು, ಕೈಗಳ ಅಭಾವ. ಮಳೆ ಬಿದ್ದ ನಾಲ್ಕು ದಿನಗಳೊಳಗೆ ಬಿತ್ತನೆಯಾಗಬೇಕು. ಪೈರು ಬಲಿತಾಗ ಕೊಯ್ಲು ಕಾಯುವುದಿಲ್ಲ. ಆ ದಿನಗಳಲ್ಲಿ ತಪ್ಪದೆ ಬರತಕ್ಕ ಆಳನ್ನು ವರ್ಷವಿಡೀ ಬದುಕಿಸಿಕೊಂಡಿರಬೇಕು. ಎರಡನೆಯದು, ಒಡೆಯನ ಸ್ವಂತ ಭಯ. ಮುಂದಿನ ವರ್ಷ ಮಳೆ ಎಲ್ಲಿ ಕೈಕೊಡುವುದೋ ಅವನಿಗೂ ತಿಳಿಯದು. ನಾಳೆ ತನಗೆ ಯಾರು ಬೇಕಾಗುವರೋ ಎಂಬ ಅಳುಕಿದ್ದವನು ಇಂದು ಯಾರನ್ನೂ ನೂಕುವುದಿಲ್ಲ. ಅವಶ್ಯಕತೆಯೂ ಅಭದ್ರತೆಯೂ ಸೇರಿ ಕರ್ತವ್ಯವನ್ನು ಎತ್ತಿ ಹಿಡಿದಿದ್ದವು.

ನಾಲೆ ಬಂದ ಮೇಲೆ ಆದದ್ದನ್ನು ಈಗ ಈ ದೃಷ್ಟಿಯಿಂದ ನೋಡೋಣ. ನೀರು ನಿಶ್ಚಿತವಾದುದರಿಂದ ಒಡೆಯನ ಭಯವು ಹೋಯಿತು. ರೋಗರುಜಿನಗಳು ತಗ್ಗಿ ಅನ್ನವು ಹೆಚ್ಚಿದುದರಿಂದ ಜನಸಂಖ್ಯೆ ಬೆಳೆಯಿತು; ಎಪ್‌ಸ್ಟೈನ್ ಅವರು 1970ರಲ್ಲಿ ಮರಳಿ ಬಂದಾಗ ಎರಡು ಊರುಗಳ ಜನವೂ ಹದಿನೈದು ವರ್ಷಗಳ ಹಿಂದೆ ಇದ್ದುದರ ಒಂದೂವರೆಯಷ್ಟನ್ನು ಮೀರಿತ್ತು. ಕಬ್ಬು ಭತ್ತಗಳು ಹೆಚ್ಚು ಕೈಗಳನ್ನು ಬೇಡುವ ಬೆಳೆಗಳೆಂಬುದು ದಿಟ. ಮೊದಮೊದಲು ಆಳಿಗೆ ಬೆಲೆ ಬಂದುದೂ ದಿಟ. ಆದರೆ ನೆಲವು ಬೆಳೆಯಲಿಲ್ಲ, ಕೈಗಳು ಬೆಳೆದವು. ಕರೆದರೆ ಬರುವವರು ಹಲವರಾದ ಮೇಲೆ ಒಬ್ಬನನ್ನು ವರ್ಷವಿಡೀ ಬದುಕಿಸಿಕೊಂಡಿರುವ ಅಗತ್ಯವು ಕಾಣಲಿಲ್ಲ. ಹೀಗೆ ವರಮಾನದ ಏರಿಕೆಯು ಒಂದು ಆಧಾರವನ್ನು ಕಿತ್ತಿತು, ಜನಸಂಖ್ಯೆಯ ಏರಿಕೆಯು ಇನ್ನೊಂದನ್ನು ಕಿತ್ತಿತು. 1973ರಲ್ಲಿ ಅಚ್ಚಾದ ತಮ್ಮ ಎರಡನೆಯ ಗ್ರಂಥದಲ್ಲಿ ಎಪ್‌ಸ್ಟೈನ್ ಅವರು, ಊರಿನ ಒಟ್ಟು ಸಂಪತ್ತು ಬೆಳೆದಿದ್ದರೂ ತಳದ ಬಡವರ ಪಾಡು ಹಿಂದಿಗಿಂತ ಕೆಟ್ಟಿತ್ತೆಂಬ ಅಭಿಪ್ರಾಯವನ್ನು ಬರೆದರು.

ಮಾಲ್ಥಸನು 1798ರಲ್ಲಿ ಪ್ರಕಟಿಸಿದ ಪ್ರಸಿದ್ಧವಾದ ಪ್ರಬಂಧದಲ್ಲಿ, ಜನಸಂಖ್ಯೆಯು ಗುಣಾಕಾರದ ವೇಗದಲ್ಲಿಯೂ ಆಹಾರವು ಕೂಡಿಕೆಯ ವೇಗದಲ್ಲಿಯೂ ಬೆಳೆಯುವುದೆಂದು ವಾದಿಸಿದನು. ಜನ ಹೆಚ್ಚಿದರೆ ಅನ್ನ ಸಾಲದೆ ಬರುವುದೆಂಬುದು ಅವನ ಭಯ. ಮಂಡ್ಯದ ಹಳ್ಳಿಗಳಲ್ಲಿ ಆದದ್ದು ಇದಲ್ಲ. ಅಲ್ಲಿ ಅನ್ನವು ಜನರಿಗಿಂತ ಕಡಿಮೆ ಬೆಳೆಯಲಿಲ್ಲ. ಅನ್ನವಿದ್ದೂ ಎಲೆ ಹಾಕುವವರು ಕಡಿಮೆಯಾದರು. ಮಾಲ್ಥಸನ ಲೆಕ್ಕದಲ್ಲಿ ಕೊರತೆಯೇ ಮನುಷ್ಯನನ್ನು ನಿಷ್ಠುರನನ್ನಾಗಿ ಮಾಡುತ್ತದೆ. ಇಲ್ಲಿ ಸಮೃದ್ಧಿಯೇ ಆ ಕೆಲಸವನ್ನು ಮಾಡಿತು. ಕೊರತೆಯಿದ್ದಾಗ ಹಂಚಿಕೊಂಡದ್ದು ಪ್ರೀತಿಯಿಂದಲೇ ಆಗಿದ್ದರೆ ಸಮೃದ್ಧಿಯಲ್ಲಿ ಅದು ಇನ್ನಷ್ಟು ಬೆಳೆಯಬೇಕಾಗಿತ್ತು. ಬೆಳೆಯಲಿಲ್ಲವಾದುದರಿಂದ, ಹಂಚಿಕೆಯ ಕೆಳಗೆ ಪ್ರೀತಿಗಿಂತ ಪ್ರಯೋಜನವೇ ಹೆಚ್ಚಾಗಿತ್ತೆಂದು ಒಪ್ಪಬೇಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಹಳೆಯ ಕಟ್ಟು ಕಳಚಿದುದು ಆಳಿಗೆ ಬಿಡುಗಡೆಯಲ್ಲವೇ? ರಾಗಿಯ ಪಾಲಿಗಾಗಿ ತಲೆ ಬಾಗಿಸಿ ಅಂಗಳದ ಹೊರಗೆ ನಿಲ್ಲುವುದಕ್ಕಿಂತ ದಿನದ ಕೂಲಿಯನ್ನು ಎಣಿಸಿಕೊಂಡು ಹೋಗುವುದು ಮೇಲಲ್ಲವೇ? ಈ ಆಕ್ಷೇಪವು ಸರಿಯಾದದ್ದು, ಇದಕ್ಕೆ ಪೂರ್ಣ ಬೆಲೆ ಕೊಡಬೇಕು. ಹಳ್ಳಿಯ ವ್ಯವಸ್ಥೆಯನ್ನು ಹೊಗಳುವವರನ್ನು ಡಾಕ್ಟರ್ ಅಂಬೇಡ್ಕರ್ ಅವರು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಕಟುವಾಗಿ ಖಂಡಿಸಿದರು; ಆ ಖಂಡನೆಗೆ ಉತ್ತರ ಹೇಳುವುದು ಸುಲಭವಲ್ಲ. ನಗದು ಕೂಲಿಯಿಂದ ದೊರೆತ ಸ್ವಾತಂತ್ರ್ಯವನ್ನು ಹಿಂದಕ್ಕೆ ಕೊಡೆಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಬಂಧನದಿಂದ ಬಿಡಿಸುವುದು ಬೇರೆ, ಸಂಬಂಧದಿಂದ ಬಿಡಿಸುವುದು ಬೇರೆ. ಆಳು ಒಡೆಯನ ಹಂಗಿನಿಂದ ಪಾರಾದ ದಿನವೇ ಒಡೆಯನೂ ಆಳಿನ ಕೆಟ್ಟ ವರ್ಷದ ಹೊಣೆಯಿಂದ ಪಾರಾದನು. ಒಬ್ಬನಿಗೆ ದೊರೆತದ್ದು ಸ್ವಾತಂತ್ರ್ಯ ಮಾತ್ರ. ಇನ್ನೊಬ್ಬನಿಗೆ ಸ್ವಾತಂತ್ರ್ಯವೂ ಭದ್ರತೆಯೂ ದೊರೆತವು. ಹಳೆಯ ಅನ್ಯಾಯವು ಹೋಗಬೇಕಾಗಿತ್ತು. ಅದರ ಜೊತೆಗೆ ಹಳೆಯ ಹೊಣೆಯೂ ಹೋಗಬೇಕಾಗಿರಲಿಲ್ಲ.

ಪ್ರಯೋಜನವನ್ನೇ ಆಧಾರವಾಗಿ ಇಟ್ಟುಕೊಂಡ ಸಮಾಜವು ಒಂದು ವರ್ಗದವರನ್ನು ಮಾತ್ರ ಬೇಡವೆನ್ನುವುದೆಂದು ಭಾವಿಸುವುದು ತಪ್ಪು. ಅದರ ಸರದಿ ಸುತ್ತಿಕೊಂಡು ಬರುತ್ತದೆ. ಕಾಲಕ್ರಮದಲ್ಲಿ ಜಮೀನು ಮಕ್ಕಳಿಗೆ ಹರಿದು ಹಂಚಿಹೋಯಿತು, ಸಂಸಾರಗಳು ಚಿಕ್ಕವಾದವು. ಇಬ್ಬರೇ ಮಕ್ಕಳಾದರೆ ಒಬ್ಬನಾದರೂ ಗಂಡಾಗಲಿ ಎಂಬ ಆಸೆ, ವರದಕ್ಷಿಣೆಯ ಲೆಕ್ಕ, ಕೈಯಲ್ಲಿ ಆಡುವ ಹಣ, ಇವು ಕೂಡಿದಲ್ಲಿ ಹುಟ್ಟಲಿರುವ ಹೆಣ್ಣುಕೂಸು ಬೇಡವಾಯಿತು. ಗರ್ಭದಲ್ಲಿರುವ ಶಿಶುವಿನ ಲಿಂಗವನ್ನು ಪತ್ತೆಮಾಡುವುದನ್ನು ನಿಷೇಧಿಸುವ ಕಾಯಿದೆ 1994ರಲ್ಲಿಯೇ ಆಗಿತ್ತು. ಹಾಗಿದ್ದೂ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯನ್ನೇ ಈ ಪರೀಕ್ಷೆಯ ಕೇಂದ್ರವಾಗಿ ಮಾಡಿಕೊಂಡಿದ್ದರೆಂಬ ಆರೋಪದ ಮೇಲೆ 2023ರಲ್ಲಿ ಪೊಲೀಸರು ಹಲವರನ್ನು ಬಂಧಿಸಿದರು. ಆಲೆಮನೆಯೆಂದರೆ ನಾಲೆಯ ನೀರಿನಿಂದ ಬಂದ ಸಿರಿಯ ಗುರುತು. ಹಾದಿಯಲ್ಲಿ ಹೋಗುವವನಿಗೂ ಕರೆದು ಕಬ್ಬಿನ ಹಾಲನ್ನು ಕೊಡುತ್ತಿದ್ದ ಸ್ಥಳ.

ಅದೇ ವರ್ಷದ ಫೆಬ್ರವರಿಯಲ್ಲಿ, ಮೂವತ್ತು ದಾಟಿಯೂ ಮದುವೆಯಾಗದ ತರುಣರು, ಹೆಚ್ಚಾಗಿ ರೈತರ ಮಕ್ಕಳು, ಮದ್ದೂರು ತಾಲ್ಲೂಕಿನ ಕೆ. ಎಂ. ದೊಡ್ಡಿಯಿಂದ ಮಲೆ ಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆ ಹೋದರು. ತಮಗೂ ಒಂದು ಸಂಸಾರವನ್ನು ಕರುಣಿಸೆಂಬುದು ಅವರ ಹರಕೆ. ಹೆಣ್ಣುಮಕ್ಕಳ ಸಂಖ್ಯೆ ಕಡಿಮೆಯಾದುದು ಒಂದು ಕಾರಣ. ಬೇಸಾಯಗಾರನಿಗೆ ಹೆಣ್ಣು ಕೊಡಲು ತಂದೆತಾಯಿಗಳು ಒಪ್ಪದಿರುವುದು ಇನ್ನೊಂದು. ನಗರದಲ್ಲಿ ನೌಕರಿಯಿಲ್ಲದವನು ಅಳಿಯನಾಗಲು ಪ್ರಯೋಜನವಿಲ್ಲವೆಂಬ ಎಣಿಕೆ. ಒಂದು ಕಾಲಕ್ಕೆ ನಾಲೆಯ ಕೆಳಗಿನ ಊರಿಗೆ ಹೆಣ್ಣು ಕೊಡಲು ಮುಂದೆ ಬರುತ್ತಿದ್ದ ಜನರೇ ಈಗ ಹೀಗೆ ಎಣಿಸುತ್ತಾರೆ. ಆಳು ಬೇಡವಾದನು, ಮಗಳು ಬೇಡವಾದಳು, ಕೊನೆಗೆ ಒಡೆಯನ ಮಗನೇ ಬೇಡವಾದನು. ಅಳೆಯುವ ಕೋಲು ಮೂವರಿಗೂ ಒಂದೇ.

ಜನಸಂಖ್ಯೆಯ ಮಾತು ಕೂಡ ಈಗ ತಿರುಗಿದೆ. 2001ರಲ್ಲಿ ಸುಮಾರು 17.6 ಲಕ್ಷವಿದ್ದ ಮಂಡ್ಯ ಜಿಲ್ಲೆಯ ಜನ 2011ರಲ್ಲಿ ಸುಮಾರು 18 ಲಕ್ಷ. ಹತ್ತು ವರ್ಷಗಳಲ್ಲಿ ಕರ್ನಾಟಕದ ಪ್ರಜಾಸಂಖ್ಯೆ ನೂರಕ್ಕೆ ಹದಿನೈದರ ಮೇಲೆ ಬೆಳೆದರೆ ಇಲ್ಲಿ ನೂರಕ್ಕೆ ಮೂರೂ ಬೆಳೆಯಲಿಲ್ಲ. ಮಕ್ಕಳು ಕಡಿಮೆ ಹುಟ್ಟುತ್ತಾರೆ, ಹುಟ್ಟಿದವರು ಬೆಂಗಳೂರು ಮೈಸೂರುಗಳಿಗೆ ಹೋಗುತ್ತಾರೆ. ಈಗ ಹಳ್ಳಿಯಲ್ಲಿ ಕೂಲಿಯಾಳು ಸಿಗುವುದು ಕಷ್ಟವೆಂಬ ದೂರು ಕೇಳಿಬರುತ್ತದೆ. ಹಾಗಾದರೆ ಆಳಿಗೆ ಮತ್ತೆ ಬೆಲೆ ಬಂದಿತು, ಋಣವು ತೀರಿತು ಎನ್ನೋಣವೇ? ಬೆಲೆ ಬಂದಿತೆಂಬುದು ನಿಜ. ಆದರೆ ಬೆಲೆಯ ಏರಿಳಿತವು ಗೌರವದ ಅಳತೆಯಲ್ಲ. ಜರ್ಮನ್ ತತ್ತ್ವಜ್ಞನಾದ ಕಾಂಟನು 1785ರ ತನ್ನ ನೀತಿಗ್ರಂಥದಲ್ಲಿ ಈ ಎರಡನ್ನು ಬೇರ್ಪಡಿಸಿದನು. ಬೆಲೆಯುಳ್ಳ ವಸ್ತುವಿನ ಬದಲಿಗೆ ಅದೇ ಬೆಲೆಯ ಮತ್ತೊಂದನ್ನು ಇಡಬಹುದು. ಮನುಷ್ಯನ ಬದಲಿಗೆ ಇಡತಕ್ಕ ವಸ್ತುವಿಲ್ಲವಾದುದರಿಂದ ಅವನಿಗಿರುವುದು ಬೆಲೆಯಲ್ಲ, ಘನತೆ, ಎಂಬುದು ಅವನ ಅಭಿಪ್ರಾಯದ ಸಾರ. ಇಂದು ಕೈಗಳು ಕಡಿಮೆಯಾದುದರಿಂದ ಆದರಿಸಲ್ಪಟ್ಟವನು ನಾಳೆ ಕಟಾವಿನ ಯಂತ್ರ ಬಂದಾಗ ಮತ್ತೆ ಬೇಡವಾಗುತ್ತಾನೆ.

ಹಾಗಾದರೆ ಊರಿನ ಋಣಕ್ಕೆ ಸ್ಥಿರವಾದ ಆಧಾರ ಯಾವುದು? ನಮ್ಮ ಪೂರ್ವಿಕರು ಋಣವೆಂಬ ಶಬ್ದವನ್ನು ಬಳಸಿದ ರೀತಿಯಲ್ಲಿಯೇ ಒಂದು ಸೂಚನೆಯಿದೆ. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರನ್ನು ಎಲ್ಲರೂ ಬಲ್ಲರು. ಶತಪಥ ಬ್ರಾಹ್ಮಣವು ಇವುಗಳೊಡನೆ ಮನುಷ್ಯಋಣವೆಂಬ ನಾಲ್ಕನೆಯದನ್ನೂ ಹೇಳುತ್ತದೆ. ಅತಿಥಿಗೆ ಆಶ್ರಯ ಕೊಡುವುದು, ಹಸಿದವನಿಗೆ ಉಣಬಡಿಸುವುದು ಅದನ್ನು ತೀರಿಸುವ ಬಗೆ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಈ ಋಣಗಳು ಯಾರೊಡನೆಯೋ ವ್ಯವಹಾರ ಮಾಡಿದ ಮೇಲೆ ಬರುವಂಥವಲ್ಲ, ಹುಟ್ಟುವಾಗಲೇ ಬರುವಂಥವು. ಪ್ರತಿಫಲದ ಲೆಕ್ಕವು ಅಲ್ಲಿಲ್ಲ. ಹೀಗೆ ಹೇಳಿದ ಸಮಾಜವೇ ಮನುಷ್ಯರೆಂಬ ಶಬ್ದದ ಅರ್ಥವನ್ನು ಕುಗ್ಗಿಸಿ ಕೇರಿಯವರನ್ನು ಹೊರಗಿಟ್ಟಿತು ಎಂಬುದು ಅದರ ಕಲಂಕ. ತತ್ತ್ವವು ದೊಡ್ಡದು, ಅದನ್ನು ಆಚರಿಸಿದವರು ಚಿಕ್ಕವರು. ತತ್ತ್ವವನ್ನು ಅದರ ಪೂರ್ಣವಾದ ಅರ್ಥದಲ್ಲಿ ಎತ್ತಿಕೊಳ್ಳುವುದು ನಮ್ಮ ಪಾಲಿಗೆ ಉಳಿದ ಕೆಲಸ.

ನಾಲೆಯ ಕೆಳಗಿನ ರೈತನಿಗೆ ಈ ಮಾತು ಕೇವಲ ವೇದಾಂತವಲ್ಲ. ಅವನ ಗದ್ದೆಗೆ ನೀರು ಬಂದುದು ಅವನ ಬೆವರಿನಿಂದ ಮಾತ್ರವಲ್ಲ. ಕನ್ನಂಬಾಡಿಯೆಂಬ ಊರೇ ಜಲಾಶಯದಲ್ಲಿ ಮುಳುಗಿತು. ಅಲ್ಲಿನವರು ಮನೆಮಠಗಳನ್ನು ಬಿಟ್ಟು ಎದ್ದುಹೋದರು. ಕಲ್ಲು ಹೊತ್ತವರು ಬೇರೆ ಯಾರೋ. ಹಣ ಕೊಟ್ಟದ್ದು ಇಡೀ ಸಂಸ್ಥಾನ. ನೆಲದ ತಗ್ಗಿನಿಂದ ತನಗೆ ಬಂದ ಭಾಗ್ಯವನ್ನು ತನ್ನ ಯೋಗ್ಯತೆಯಿಂದ ಬಂದದ್ದೆಂದು ಅವನು ಹೇಳಿಕೊಳ್ಳಲಾರನು. ಹಾಗೆಯೇ ಮೇಲಿನ ಊರಿನವನ ಬಡತನವನ್ನು ಅವನ ಸೋಮಾರಿತನದ ಫಲವೆನ್ನಲಾರನು. ದುಡಿದದ್ದಕ್ಕೆ ಹಕ್ಕುಂಟು, ದುಡಿಯದೆ ಬಂದದ್ದಕ್ಕೆ ಋಣವುಂಟು. ಹಳ್ಳಿಯ ಸಿರಿಯಲ್ಲಿ ಇವೆರಡೂ ಬೆರೆತಿರುತ್ತವೆ. ಪೇಟೆಯ ಸಿರಿಯಲ್ಲಿಯೂ ಹಾಗೆಯೇ ಎಂಬುದನ್ನು ಈ ಪತ್ರಿಕೆಯನ್ನು ಓದುವ ನಾವು, ಶಾಲೆಯ ಸೌಕರ್ಯವಿದ್ದ ಮನೆಯಲ್ಲಿ ಹುಟ್ಟಿದವರು, ಬೇರೆಯವರಿಂದ ಹೇಳಿಸಿಕೊಳ್ಳಬೇಕಾಗಿಲ್ಲ.

ಕಾಯಿದೆಯು ಈ ಋಣದ ಒಂದು ಭಾಗವನ್ನು ವಹಿಸಿಕೊಂಡದ್ದುಂಟು. 2005ರಲ್ಲಿ ಅಂಗೀಕೃತವಾದ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು ಹಳ್ಳಿಯ ಪ್ರತಿಯೊಂದು ಸಂಸಾರಕ್ಕೂ ವರ್ಷಕ್ಕೆ 100 ದಿನಗಳ ಕೂಲಿಯ ಭರವಸೆಯನ್ನು ಕೊಟ್ಟಿತು. ಒಡೆಯನಿಗೆ ಬೇಕಾದಾಗ ದೊರೆಯುವ ಪಾಲಿಗೂ, ಕೇಳಿದವನಿಗೆ ಸಲ್ಲತಕ್ಕ ಹಕ್ಕಿಗೂ ಇರುವ ಅಂತರವು ಬಹು ದೊಡ್ಡದು. ಆದರೆ ಕಾಯಿದೆಯು ಮಾಡಲಾಗದ ಕೆಲಸಗಳು ಉಳಿದೇ ಇರುತ್ತವೆ. ನಾಲೆಯಲ್ಲಿ ನೀರು ಕಡಿಮೆಯಾದ ವರ್ಷ ಕೊನೆಯ ಗದ್ದೆಯವನಿಗೆ ಎಷ್ಟು ಬಿಡಬೇಕು, ಕಬ್ಬಿನ ಬಾಕಿ ಬಾರದ ವರ್ಷ ಕಡಿದವನ ಕೂಲಿಯನ್ನು ಮೊದಲು ಕೊಡಬೇಕೋ ತನ್ನ ಮನೆಯ ಹಬ್ಬವನ್ನು ಮೊದಲು ಮಾಡಬೇಕೋ, ಎರಡನೆಯದೂ ಹೆಣ್ಣಾದಾಗ ಸೊಸೆಯ ಮುಖವನ್ನು ಹೇಗೆ ನೋಡಬೇಕು, ಇವೆಲ್ಲ ಮನೆಯ ಜಗಲಿಯ ಮೇಲೆ ತೀರ್ಮಾನವಾಗುವ ಸಂಗತಿಗಳು.

ಆದುದರಿಂದ ಮುಂದಿನ ಖಾನೇಷುಮಾರಿಯ ಅಂಕಗಳು ಬಂದಾಗ, ಊರಿನ ಜನರೆಷ್ಟು, ವರಮಾನವೆಷ್ಟು ಎಂದು ಕೇಳುವುದರೊಡನೆ ಇನ್ನೊಂದನ್ನೂ ಕೇಳುವುದು ಲೇಸು: ಈ ಊರಿನಲ್ಲಿ ಕೆಟ್ಟ ವರ್ಷದ ಭಾರವು ಯಾರ ಹೆಗಲಿನ ಮೇಲೆ ಬೀಳುತ್ತದೆ, ಒಳ್ಳೆಯ ವರ್ಷದ ಫಲವು ಯಾರ ಮನೆಯನ್ನು ಮುಟ್ಟುತ್ತದೆ? ಹಳೆಯ ಹಳ್ಳಿಯು ಮೊದಲನೆಯದಕ್ಕೆ ಅರ್ಧ ಉತ್ತರವನ್ನು ಕೊಟ್ಟಿತ್ತು, ಎರಡನೆಯದಕ್ಕೆ ಉತ್ತರವನ್ನೇ ಕೊಡಲಿಲ್ಲ. ನಾಲೆಯ ಹಳ್ಳಿಯು ಎರಡನ್ನೂ ಮರೆಯಿತು. ಎರಡಕ್ಕೂ ಉತ್ತರ ಕೊಡಬಲ್ಲ ಊರಿನಲ್ಲಿ ಜನ ಹೆಚ್ಚಿದರೂ ತಗ್ಗಿದರೂ, ಹಣ ಬಂದರೂ ಹೋದರೂ, ಯಾರೂ ಬೇಡವಾದವರೆನಿಸಿಕೊಳ್ಳುವುದಿಲ್ಲ. ಅಂಥ ಊರು ಎಲ್ಲಿಯೂ ಇಲ್ಲವೆಂಬ ಕಾರಣದಿಂದ ಅದನ್ನು ಬಯಸುವುದು ತಪ್ಪಾಗಲಾರದು.